ಹೊಸ ಮನೆಗೊಂದು ಕೊಸರು

ನನ್ನ ಮಗಳು ಮೇಘನಾ ಸೇಬು ಕಚ್ಚಿ ಮುಖ ಕಿವುಚಿಕೊಂಡಾಗಲೇ ನಮಗೆ ಗೊತ್ತಾದದ್ದು, ಆ ಮನೆಯ ಹಣ್ಣುಗಳೆಲ್ಲ ಮೇಣದವು ಎಂದು. ಊಟದ ಮೇಜಿನ ಮೇಲೆ ಆರು ಜನಕ್ಕೆ ತಟ್ಟೆ, ಲೋಟ, ಹೂವಿನಂತೆ ಮಡಿಸಿದ ಬಟ್ಟೆ ಇಟ್ಟಿದ್ದರು. ಹಜಾರದಲ್ಲಿದ್ದ ಟಿವಿ ರಟ್ಟಿನದು. ಮಲಗುವ ಕೋಣೆಯಲ್ಲಿ ಅರ್ಧ ಓದಿ ಮಗುಚಿಟ್ಟ ಪುಸ್ತಕ, ಅದರ ಮೇಲೊಂದು ಕನ್ನಡಕ. ಅಡುಗೆಮನೆಯಿಂದ ಬರುತ್ತಿದ್ದ ಬಿಸ್ಕತ್ತಿನ ಘಮ ಮಾತ್ರ ನಿಜವಾದದ್ದು. ನಮ್ಮತ್ತೆ ಒಂದೊಂದು ಕೋಣೆಯನ್ನೂ ಇಣುಕಿ ನೋಡಿ ಬಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು.

"ಈ ಮನೆಯೋರು ಎಲ್ಲವ್ರೆ?"

"ಯಾರೂ ಇಲ್ಲ ಅತ್ತೆ. ತೋರಿಸೋಕೆ ಅಂತಲೇ ಕಟ್ಟಿರೋ ಮನೆ. ಇದನ್ನ ನೋಡಿ ನಾವು ಇಂಥದ್ದೇ ಇನ್ನೊಂದು ತಗೋಬೇಕು."

"ಮನುಸ್ರೇ ಇಲ್ದಿರೋ ಮನೇಲಿ ಎಲೆ ಹಾಕ್ಬುಟ್ಟು ಕಾಯ್ತಾವ್ರಲ್ಲವ್ವಾ! ದೆವ್ವಕ್ಕಾ ಊಟ?"

ಊರಿನಲ್ಲಿ ಕೂತು ಇದನ್ನು ಓದುತ್ತಿರುವ ನೀವು ನಗಬಹುದು. ನನಗೂ ಒಂದು ಕ್ಷಣ ಮೈ ಜುಮ್ಮೆಂದದ್ದು ಸುಳ್ಳಲ್ಲ. ಇದಕ್ಕೆ ಇಲ್ಲಿ ಮಾಡೆಲ್ ಹೋಮ್ ಅನ್ನುತ್ತಾರೆ. ಸೀರೆ ಅಂಗಡಿಯವರು ಗೊಂಬೆಗೆ ಸೀರೆ ಉಡಿಸಿ ನಿಲ್ಲಿಸುವ ಹಾಗೆ, ಮನೆ ಕಟ್ಟಿ ಮಾರುವ ಕಂಪನಿಯವರು ಒಂದು ಮನೆಗೆ ಸಂಸಾರದ ವೇಷ ಹಾಕಿ ನಿಲ್ಲಿಸಿರುತ್ತಾರೆ.

ನಾನು, ನನ್ನ ಗಂಡ ನಾಗರಾಜ, ಐದು ವರ್ಷದ ಮೇಘನಾ, ಮೂವರೂ ಆಗ ಅಮೆರಿಕದ ಸನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಡಾಟ್‌ಕಾಮಿನ ಕಾಲ. ಯಾರೋ ಎಲ್ಲೋ ಗ್ಯಾರೇಜಿನಲ್ಲಿ ಕಂಪನಿ ಶುರು ಮಾಡಿದರು ಎಂಬ ಸುದ್ದಿ ಬಂದರೆ ನಮ್ಮ ಬಾಡಿಗೆ ಏರುತ್ತಿತ್ತು. ಬಾಡಿಗೆಗೆ ಸುರಿಯುವುದನ್ನು ಸ್ವಂತದ್ದಕ್ಕೇ ಸುರಿಯೋಣ ಎಂದು ಎಲ್ಲರೂ ಹೊರಟ ಹಾಗೆ ನಾವೂ ಹೊರಟೆವು. ಕೊಳ್ಳುವವರ ನೂಕುನುಗ್ಗಲು ಎಷ್ಟಿತ್ತೆಂದರೆ ಕಂಪನಿಯವರು ಹೆಸರುಗಳನ್ನು ಪೆಟ್ಟಿಗೆಗೆ ಹಾಕಿ ಚೀಟಿ ಎತ್ತುತ್ತಿದ್ದರು. ಎರಡು ಕಡೆ ನಮಗೆ ಚೀಟಿ ಬರಲಿಲ್ಲ. ಕೊನೆಗೆ ಸ್ಯಾನ್ ಹೋಸೆಯ ಪೂರ್ವಕ್ಕೆ, ಬೆಟ್ಟದ ಬುಡದ ಎವರ್‌ಗ್ರೀನಿನಲ್ಲಿ ನಮ್ಮ ಹೆಸರು ಬಂತು. ಬಂದದ್ದು ಮನೆಗಲ್ಲ, ಬರೀ ಕೆಸರು ಮಣ್ಣಿನ ಒಂದು ತುಂಡಿಗೆ. ನಾವು ಸೈಟು ಅನ್ನುವುದನ್ನು ಇಲ್ಲಿ ಲಾಟ್ ಅನ್ನುತ್ತಾರೆ. ನಮ್ಮದು ನಲವತ್ತೊಂದನೆಯ ಲಾಟು. ಮೇಣದ ಸೇಬಿನ ಮನೆಯನ್ನು ನೋಡಿ, ಅಂಥದೇ ಇಲ್ಲೂ ಏಳುತ್ತದೆ ಎಂದು ನಂಬಿ ಸಹಿ ಹಾಕಿದೆವು.

ಅತ್ತೆ ಪುಟ್ಟತಾಯಮ್ಮ ಮಂಡ್ಯದಿಂದ ಬಂದು ಆಗಿನ್ನೂ ಸ್ವಲ್ಪ ದಿನವಾಗಿತ್ತು. ಮಾವ ಕಾರ್ಖಾನೆಯ ನೌಕರಿಯಲ್ಲಿದ್ದವರು. ಕೆಲಸ ಇರುವವರೆಗೆ ಕ್ವಾರ್ಟರ್ಸು, ನಿವೃತ್ತಿಯಾದ ಮೇಲೆ ಬಾಡಿಗೆ ಮನೆ. ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದು ಅವರು ಊರಲ್ಲೇ ಉಳಿದಿದ್ದರು. ನೆಂಟರಿಷ್ಟರ ಗೃಹಪ್ರವೇಶವೆಂದರೆ ಅತ್ತೆಯನ್ನು ಎಲ್ಲರೂ ಮೊದಲು ಕರೆಯುತ್ತಿದ್ದರು. ಒಲೆ ಹೂಡುವುದು, ಹಾಲುಕ್ಕಿಸುವುದು, ಮೊದಲ ತುತ್ತು ಬಡಿಸುವುದು ಎಲ್ಲ ಅವರೇ. ಆದರೆ ಅಷ್ಟು ಮನೆಗಳಲ್ಲಿ ಹಾಲುಕ್ಕಿಸಿದ ಆ ಕೈ ತನ್ನದು ಅನ್ನುವ ಮನೆಯಲ್ಲಿ ಒಂದು ಸಲವೂ ಉಕ್ಕಿಸಿರಲಿಲ್ಲ. ನಾವು ಸಹಿ ಹಾಕಿ ಬಂದ ಸಂಜೆ ಅವರು ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದರು.

"ನಾ ಹೋಗೋದ್ರೊಳ್ಗೆ ಮನೆ ಎದ್ರೆ, ನನ್ನ ಕೈಯಾರೆ ಹಾಲುಕ್ಕಿಸ್ಬುಟ್ಟು ಹೋಯ್ತೀನಿ ಕಣವ್ವ. ಇನ್ನೇನೂ ಬ್ಯಾಡ ನಂಗೆ."

ಅವರು ಹೋಗುವ ದಿನವನ್ನು ಮುಂದೂಡುವ ಹಾಗಿರಲಿಲ್ಲ. ನಾದಿನಿ ಪದ್ಮಳಿಗೆ ಚೊಚ್ಚಲ ಹೆರಿಗೆ ಬೇಸಿಗೆಯಲ್ಲಿತ್ತು. ವೀಸಾ ಬೇಕಾದರೆ ಮುಂದುವರಿಯುತ್ತದೆ, ಕೂಸು ಕಾಯುತ್ತದೆಯೇ? ಏಪ್ರಿಲ್ ಕೊನೆಗೆ ಮನೆ ಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಅತ್ತೆಯ ಟಿಕೆಟ್ಟು ಮೇ ತಿಂಗಳ ನಡುವಿಗಿತ್ತು. ಅಷ್ಟು ಬಿಡುವು ಸಾಕು ಎಂದುಕೊಂಡೆವು.

ಇನ್ನು ಸೇಲ್ಸ್ ಟ್ಯಾಕ್ಸಿನ ವಿಷಯ. ನಮ್ಮಲ್ಲಿ ಡಬ್ಬಿಯ ಮೇಲೆ ಬರೆದಷ್ಟು ಕೊಟ್ಟರೆ ಮುಗಿಯಿತು. ಇಲ್ಲಿ ಬೆಲೆ ಒಂದು ಬರೆದಿರುತ್ತಾರೆ, ಕೌಂಟರಿಗೆ ಹೋದ ಮೇಲೆ ಅದರ ತಲೆಯ ಮೇಲೆ ತೆರಿಗೆ ಹತ್ತಿ ಕೂರುತ್ತದೆ. ಅತ್ತೆ ಮೊದಲ ಸಲ ಒಂದು ಬಕೀಟು ಕೊಂಡಾಗ ಕೌಂಟರಿನ ಹುಡುಗಿಗೆ ಬೆಲೆಯ ಚೀಟಿಯನ್ನು ಬೆರಳಿಟ್ಟು ತೋರಿಸಿ ಜಗಳಕ್ಕೆ ನಿಂತಿದ್ದರು. ಅಕ್ಕಿ ಬೇಳೆಗೆ ಆ ತೆರಿಗೆ ಇಲ್ಲ ಎಂದು ಆಮೇಲೆ ತಿಳಿದು, "ತಿನ್ನೋದಕ್ಕಿಲ್ಲ, ತೊಳೆಯೋದಕ್ಕದೆ" ಎಂದು ಅವರೇ ಒಂದು ಸೂತ್ರ ಮಾಡಿಕೊಂಡರು. ಮನೆಯ ವಿಷಯದಲ್ಲೂ ಆ ಸೂತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಮನೆಗೆ ವರ್ಷವರ್ಷದ ಕಂದಾಯ ಬೇರೆ ಇದೆ, ಆದರೆ ಕೊಳ್ಳುವಾಗ ಸೇಲ್ಸ್ ಟ್ಯಾಕ್ಸಿಲ್ಲ. ಅದರೊಳಗಿಡುವ ಫ್ರಿಜ್ಜಿಗೆ, ಬಟ್ಟೆ ಒಗೆಯುವ ಮೆಷೀನಿಗೆ, ಕಿಟಕಿಯ ಪರದೆಗೆ ಇದೆ. ಆ ವರ್ಷ ನಮ್ಮ ಕಂಪನಿಯವರು ಒಂದು ಆಸೆ ತೋರಿಸಿದ್ದರು: ಇವನ್ನೆಲ್ಲ ನಮ್ಮ ಮೂಲಕವೇ ಕೊಂಡರೆ, ಬೀಗದ ಕೈ ಕೊಡುವ ದಿನ ಅಷ್ಟರ ಸೇಲ್ಸ್ ಟ್ಯಾಕ್ಸನ್ನೂ ವಾಪಸ್ಸು ಕೊಡುತ್ತೇವೆ. ಇದಕ್ಕೆ ರಿಬೇಟ್ ಎಂದು ಹೆಸರು.

ರಿಬೇಟ್ ಅನ್ನುವ ಪದ ಕೇಳಿದರೆ ನಾಗರಾಜನ ಮುಖ ಊದಿದ ಪೂರಿಯಂತಾಗುತ್ತದೆ. ಗ್ಯಾಲನ್ನಿಗೆ ಎರಡು ಸೆಂಟ್ ಕಡಿಮೆ ಎಂದು ಪೆಟ್ರೋಲಿಗೆ ಮಿಲ್ಪಿಟಾಸಿನವರೆಗೆ ಹೋಗಿಬರುವ ಗಂಡಸು ಅವನು. ಭಾನುವಾರದ ಪೇಪರಿನಲ್ಲಿ ಮೊದಲು ಕೂಪನ್ನು ಕತ್ತರಿಸಿ ಆಮೇಲೆ ಸುದ್ದಿ ಓದುತ್ತಾನೆ. ತೆರಿಗೆಯೂ ವಾಪಸ್ಸು ಬರುತ್ತದೆ ಎಂದಾಗ ಅವನ ಸಂತೋಷ ನೋಡಲಾಗುತ್ತಿರಲಿಲ್ಲ. ಅತ್ತೆಗೆ ವಿವರಿಸಲು ಕೂತ.

"ಅವ್ವ, ನಾವು ಸಾಮಾನು ತಗೋತೀವಿ. ಸರ್ಕಾರಕ್ಕೆ ಹೋಗೋ ತೆರಿಗೆ ಇರ್ತದಲ್ಲ, ಅಷ್ಟನ್ನ ಕಂಪನಿಯೋರು ನಮಗೆ ತಿರುಗಿ ಕೊಡ್ತಾರೆ. ಸುಮ್ಮನೆ!"

"ಕೊಸರು ಅನ್ನು."

ಅಷ್ಟೇ. ನಾಗರಾಜ ತಲೆ ಕೆರೆದುಕೊಂಡು ಒಪ್ಪಿಕೊಂಡ. ಸಂತೆಯಲ್ಲಿ ಅವರೆಕಾಯಿ ಅಳೆದು ಹಾಕಿದ ಮೇಲೆ ಸೇರಿನ ಲೆಕ್ಕಕ್ಕೆ ಸೇರದ ಇನ್ನೊಂದು ಹಿಡಿ ಬೀಳುತ್ತದಲ್ಲ, ಅದು ಕೊಸರು. ಕೇಳದೆ ಬಂದರೆ ಮಾರುವವಳು ಒಳ್ಳೆಯವಳು, ಕೇಳಿದ ಮೇಲೆ ಬಂದರೆ ಕೊಳ್ಳುವವಳು ಜಾಣೆ. ಅಂದಿನಿಂದ ನಮ್ಮ ಮನೆಯಲ್ಲಿ ರಿಬೇಟು ಕೊಸರಾಯಿತು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮೇಘನಾ ಕೂಡ ಆ ಪದವನ್ನು ಬಾಯಿಗೆ ಹಾಕಿಕೊಂಡಳು. ಅಂಗಡಿಯಲ್ಲಿ ಐಸ್‌ಕ್ರೀಮು ಕೊಂಡರೆ "ವೇರ್ ಈಸ್ ಮೈ ಕೊಸರು?" ಎಂದು ಕೇಳುತ್ತಿದ್ದಳು.

ನಮ್ಮ ಕಡೆ ಮನೆ ಕಟ್ಟುವುದೆಂದರೆ ಪಾಯ, ಇಟ್ಟಿಗೆ, ಗಾರೆ, ಮೇಸ್ತ್ರಿಯ ಹಿಂದೆ ಅಲೆದಾಟ. ವಾರಗಟ್ಟಲೆ ಗೋಡೆಗೆ ನೀರು ಹೊಡೆಯುವುದು. ಇಲ್ಲಿ ಪಾಯದ ಕಾಂಕ್ರೀಟು ಬಿಟ್ಟರೆ ಎಲ್ಲ ಮರದ ಪಟ್ಟಿ, ಮೊಳೆ. ಇಂದು ಬಯಲಾಗಿದ್ದ ಕಡೆ ಮುಂದಿನ ವಾರ ಹೋದರೆ ಕೋಣೆಗಳ ಅಸ್ಥಿಪಂಜರ ನಿಂತಿರುತ್ತದೆ. ಮಾಡೆಲ್ ಮನೆಯ ಗೋಡೆಯನ್ನು ಅತ್ತೆ ಬೆರಳಲ್ಲಿ ಬಡಿದು, ಡಬ್ ಡಬ್ ಸದ್ದು ಕೇಳಿ, "ಸೋಪಿನ ಡಬ್ಬ" ಅಂದಿದ್ದರು. ಆದರೆ ಅವರನ್ನು ನಿಜಕ್ಕೂ ಕಂಗೆಡಿಸಿದ್ದು ಬಾಗಿಲು. ಇಲ್ಲಿನ ಬಾಗಿಲಿಗೆ ಹೊಸ್ತಿಲಿಲ್ಲ. ನೆಲಕ್ಕಂಟಿದ ಒಂದು ತಗಡಿನ ಪಟ್ಟಿ, ಅಷ್ಟೇ. ಅರಿಸಿನ ಎಲ್ಲಿಗೆ ಹಚ್ಚುವುದು, ರಂಗೋಲಿ ಎಲ್ಲಿ ಎಳೆಯುವುದು, ಒಳಗೆ ಬರುವವರು ಕಾಲೆತ್ತಿ ದಾಟುವುದಾದರೂ ಏನನ್ನು?

"ಹೊಸ್ಲು ಇಲ್ದಿದ್ರೆ ಕತ್ತೆ ಬಾಲ, ಬಾಗ್ಲಾದ್ರೂ ಪೂಜೆ ಮಾಡ್ಬೇಕು. ಚೌಕಟ್ಟು ನಿಲ್ಸವ್ರಾ ಹೋಗಿ ನೋಡ್ಕಂಡು ಬಾ ನಾಗ" ಎಂದು ಹಟ ಹಿಡಿದರು.

ಊರಲ್ಲಿ ಬಾಗಿಲು ನಿಲ್ಲಿಸುವ ದಿನ ಎಷ್ಟು ಸಂಭ್ರಮವೆಂದು ನಿಮಗೆ ಗೊತ್ತು. ಅತ್ತೆ ಅದಕ್ಕೆಂದೇ ಮಂಡ್ಯದ ಗ್ರಂಥಿಗೆ ಅಂಗಡಿಯಿಂದ ನವರತ್ನ, ಪಂಚಲೋಹದ ಚೂರುಗಳ ಪುಟ್ಟ ಪೊಟ್ಟಣ ತಂದಿದ್ದರು. ಒಂದು ಭಾನುವಾರ ಎವರ್‌ಗ್ರೀನಿಗೆ ಹೋದೆವು. ಅಂದು ಕೆಲಸದವರಿರಲಿಲ್ಲ. ಹಿಂದಿನ ರಾತ್ರಿಯ ಮಳೆಗೆ ನೆಲವೆಲ್ಲ ಕೆಸರು, ಬೆಟ್ಟ ಮಾತ್ರ ಹಚ್ಚಹಸುರು. ಒಂದೇ ಥರದ ಮರದ ಪಂಜರಗಳು ಸಾಲಾಗಿ ನಿಂತಿದ್ದವು. ನಾಗರಾಜ ಕೆಸರಲ್ಲಿ ನೆಟ್ಟ ಗೂಟದ ಮೇಲೆ ನಲವತ್ತೊಂದು ಎಂದು ಓದಿ "ಇದೇ" ಅಂದ. ಅತ್ತೆ ಚೌಕಟ್ಟಿಗೆ ಅರಿಸಿನ ಬಳಿದು ಕುಂಕುಮದ ಬೊಟ್ಟಿಟ್ಟರು. ಮಾವಿನೆಲೆ ಸಿಗದ್ದಕ್ಕೆ ಅಪಾರ್ಟ್‌ಮೆಂಟಿನ ಬೇಲಿಯಿಂದ ಕಿತ್ತು ತಂದ ಯಾವುದೋ ಎಲೆಯ ತೋರಣ ಕಟ್ಟಿದೆವು. ಕಾಂಕ್ರೀಟಿಗೂ ಮರಕ್ಕೂ ನಡುವಿನ ಸಂದಿಗೆ ಪೊಟ್ಟಣವನ್ನು ತುರುಕಿ, ಕಾಯಿ ಒಡೆದು, ಅಲ್ಲೇ ಕೂತು ಕಾಯಿಚೂರು, ಬೆಲ್ಲ ತಿಂದೆವು. ಗೋಡೆಯೇ ಇಲ್ಲದ ಮನೆಯಲ್ಲಿ ಮೇಘನಾ ಕೋಣೆಯಿಂದ ಕೋಣೆಗೆ ಪಟ್ಟಿಗಳ ನಡುವೆ ನುಸುಳಿ ಓಡಾಡಿದಳು. ಅಷ್ಟು ಸುಖವಾಗಿ ನಾನು ಅಮೆರಿಕದಲ್ಲಿ ಅದುವರೆಗೆ ಕೂತಿರಲಿಲ್ಲ.

ಎರಡು ದಿನ ಬಿಟ್ಟು ಕಂಪನಿಯ ಮಾರಾಟದ ಆಫೀಸಿನಿಂದ ಲಿಂಡಾ ಫೋನು ಮಾಡಿದಳು. ಒಳ್ಳೆಯ ಹೆಂಗಸು, ಮಾತಿಗೊಂದು "ಸ್ವೀಟಿ" ಸೇರಿಸುವವಳು. ನಲವತ್ತೆರಡನೆಯ ಲಾಟಿನ ಬಾಗಿಲಿಗೆ ಯಾರೋ ಹಳದಿ ಕೆಂಪು ಬಣ್ಣ ಬಳಿದು ಎಲೆ ಕಟ್ಟಿದ್ದಾರೆ, ಕೆಲಸದ ಉಸ್ತುವಾರಿಯ ಮೈಕ್ ಗಾಬರಿಯಾಗಿದ್ದಾನೆ, ನಿಮಗೇನಾದರೂ ಗೊತ್ತೇ ಎಂದು ಕೇಳಿದಳು. ಗೂಟದ ಬಲಕ್ಕಿದ್ದದ್ದು ನಮ್ಮದಂತೆ. ನಾವು ಪೂಜೆ ಮಾಡಿದ್ದು ಎಡಕ್ಕಿದ್ದದ್ದನ್ನು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಮ್ಮ ಶಾಸ್ತ್ರವೆಂದರೇನು ಎಂದು ತಡವರಿಸಿ ವಿವರಿಸಿದೆ. ಲಿಂಡಾ ನಕ್ಕು, ಮೈಕನಿಗೆ ಹೇಳುತ್ತೇನೆ ಬಿಡಿ ಅಂದಳು.

ಅತ್ತೆ ಮಾತ್ರ ನಗಲಿಲ್ಲ. "ಪಕ್ಕದ್ಮನೆಗೆ ಲಕ್ಷ್ಮೀನ ಕೂರುಸ್ಬುಟ್ಟು ಬಂದ್ವಲ್ಲಾ! ಇಂಜಿನೇರಂತೆ ಇಂಜಿನೇರು, ಗೂಟ ನೋಡಾಕೆ ಬರಕಿಲ್ಲ ಇವ್ನಿಗೆ!"

"ಪೊಟ್ಟಣ ತೆಗೆದು ನಮ್ಮದಕ್ಕೆ ಇಟ್ರೆ ಆಯ್ತು ಬಿಡವ್ವ" ಅಂದ ನಾಗರಾಜ.

"ಇಟ್ಟಿದ್ನ ಕೀಳಾಕದ್ದಾ? ಅವರ್ಯಾರೋ ಅವ್ರೇ ಚೆನ್ನಾಗಿರ್ಲಿ, ಬುಡು."

ಬಾಯಲ್ಲಿ ಹಾಗೆಂದರೂ ಎರಡು ದಿನ ಮಗನ ತಟ್ಟೆಗೆ ತುಪ್ಪ ಬೀಳಲಿಲ್ಲ.

ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು. ಆ ವರ್ಷದ ಮಳೆಗೆ ನಮ್ಮ ಲಾಟಿನ ಹಿಂದಿನ ಇಳಿಜಾರು ಮಾತ್ರ ಜರಿಯಿತು. ತಡೆಗೋಡೆ ಕಟ್ಟಿಯೇ ಮುಂದಿನ ಕೆಲಸ ಎಂದರು. ಮನೆ ಕೈಗೆ ಸಿಗುವುದು ಜುಲೈಗೋ ಆಗಸ್ಟಿಗೋ. ಅತ್ತೆಗೆ ಹೇಳಿದವಳು ನಾನೇ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಇಲ್ಲಿನ ಗ್ರೋಸರಿ ಅಂಗಡಿಯಲ್ಲಿ ಅಪರೂಪಕ್ಕೆ ಸಿಕ್ಕಿದ ಒಣಕಲು ಕಾಯಿ. "ಆಗ್ಲಿ ಬುಡವ್ವ, ನೀನುಕ್ಕಿಸಿದ್ರೂ ನಾನುಕ್ಕಿಸ್ದಂಗೇಯ" ಅಂದರು. ಕೈ ನಿಲ್ಲಿಸಲಿಲ್ಲ. ಆದರೆ ಕಾಳೆಲ್ಲ ಸಿಪ್ಪೆಯ ಬುಟ್ಟಿಗೆ ಬೀಳುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಫ್ರೀವೇ ದಾಟಲಾಗದೆ, ಟಿವಿಯ ಭಾಷೆ ಅರ್ಥವಾಗದೆ, ನಾವು ಆಫೀಸಿಗೆ, ಮಗು ಡೇಕೇರಿಗೆ ಹೋದ ಮೇಲೆ ಇಡೀ ದಿನ ಬಾಲ್ಕನಿಯಲ್ಲಿ ಕೂತು ಕಾರು ನೋಡುತ್ತಿದ್ದ ಹೆಂಗಸು ಬೇಕೆಂದು ಕೇಳಿದ್ದು ಒಂದು ಲೋಟ ಹಾಲು ಉಕ್ಕುವುದನ್ನು ಮಾತ್ರ.

ಏಪ್ರಿಲ್ಲಿನಲ್ಲಿ ಲಿಂಡಾ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದಳು. ನಲವತ್ತೆರಡು ಕೊಂಡಿದ್ದವರಿಗೆ ಟೆಕ್ಸಾಸಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಮನೆ ಬಿಟ್ಟುಕೊಟ್ಟರಂತೆ. ಅದು ಮೇ ಮೊದಲ ವಾರಕ್ಕೆ ತಯಾರಾಗುತ್ತದೆ. ನಮ್ಮದೇ ನಕ್ಷೆ, ಎಡಬಲ ಅದಲುಬದಲು ಅಷ್ಟೇ. ನಿಮ್ಮತ್ತೆ ಬಣ್ಣ ಬಳಿದ ಬಾಗಿಲು, ನಿಮಗೇ ಬೇಕಾ ಎಂದು ಕೇಳಿದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಗ ಅವಳು ಸ್ವಲ್ಪ ಹಿಂಜರಿದು ಇನ್ನೊಂದು ಮಾತು ಹೇಳಿದಳು. ಲಾಟು ಬದಲಾದರೆ ಕರಾರೂ ಹೊಸದು. ಸೇಲ್ಸ್ ಟ್ಯಾಕ್ಸ್ ವಾಪಸ್ಸು ಕೊಡುವ ಯೋಜನೆ ಮಾರ್ಚಿಗೇ ಮುಗಿದಿದೆ, ಹೊಸ ಕರಾರಿಗೆ ಅದು ಬರುವುದಿಲ್ಲ. ಹೆಡ್ಡಾಫೀಸಿಗೆ ಕೇಳಿ ನೋಡಿದೆ, ಆಗುವುದಿಲ್ಲ ಎಂದರು.

ನಾನು ಗಂಡನ ಮುಖ ನೋಡಿದೆ. ಆ ರಿಬೇಟನ್ನೂ ಸೇರಿಸಿಕೊಂಡು ಎಲ್ಲರೂ ಒಮ್ಮೆ ಊರಿಗೆ ಹೋಗಿಬರುವುದೆಂದು ಅವನು ಫ್ರಿಜ್ಜಿನ ಬಾಗಿಲಿಗೆ ವಿಮಾನದ ಚಿತ್ರ ಅಂಟಿಸಿದ್ದ. ಎರಡು ಸೆಂಟಿಗೆ ಮಿಲ್ಪಿಟಾಸಿಗೆ ಹೋಗುವ ಮನುಷ್ಯ. ಒಂದು ಸಲ ಕಣ್ಣು ಮುಚ್ಚಿ, ಎಂಜಲು ನುಂಗಿ, "ವಿ ವಿಲ್ ಟೇಕ್ ಇಟ್" ಅಂದ. ಆಮೇಲೆ ಕಾರಿನಲ್ಲಿ ಫ್ರೀವೇ ಉದ್ದಕ್ಕೂ ಸತ್ತವರ ಮನೆಯಿಂದ ಬಂದವನ ಹಾಗೆ ಕೂತಿದ್ದ. ಆ ದಿನ ಅವನ ಮೇಲೆ ನನಗೆ ಬಂದ ಪ್ರೀತಿಯನ್ನು ಮದುವೆಯ ದಿನಕ್ಕೂ ಹೋಲಿಸಲಾರೆ.

ಅತ್ತೆಗೆ ಒಳ್ಳೆಯ ಸುದ್ದಿ ಮಾತ್ರ ಹೇಳೋಣ ಎಂದು ನಾವು ಮಾತಾಡಿಕೊಂಡಿದ್ದೆವು. ಅತ್ತೆ ಕೇಳಿ ಎರಡೂ ಕೈ ಮುಗಿದರು. "ನಾ ಹೇಳ್ಲಿಲ್ವಾ, ಇಟ್ಟಿದ್ನ ಕೀಳ್ಬಾರ್ದು ಅಂತ? ನಂ ಮನೇನೆ ಕಣ್ಲಾ ಅದು! ಗೂಟುಕ್ಕೆ ಗೊತ್ತಿತ್ತು, ನಿಂಗೆ ಗೊತ್ತಿರ್ಲಿಲ್ಲ!" ಮಗನ ತಟ್ಟೆಗೆ ಎರಡು ಚಮಚ ತುಪ್ಪ ಬಿತ್ತು. ಆಗ ಮೇಘನಾ ಬಾಯಿಬಿಟ್ಟಳು. ನಮ್ಮ ಮಾತು ಅವಳಿಗೆ ಆಡಲು ಬರದಿದ್ದರೂ ಕೇಳಿಸಿಕೊಳ್ಳಲು ಚೆನ್ನಾಗಿ ಬರುತ್ತದೆ ಎಂಬುದನ್ನು ನಾವು ಮರೆತಿದ್ದೆವು.

"ಬಟ್ ಅಜ್ಜಿ, ನೋ ಕೊಸರು."

ಅತ್ತೆ ವಿಷಯವನ್ನೆಲ್ಲ ಹೊರಗೆಳೆದರು. ಮನೆ ಬದಲಾದದ್ದು ಅವರಿಗೆ ಸರಿ. ಅಷ್ಟು ದೊಡ್ಡ ವ್ಯಾಪಾರಕ್ಕೆ ಕೊಸರಿಲ್ಲ ಅನ್ನುವುದು ಮಾತ್ರ ಸುತರಾಂ ಒಪ್ಪಿಗೆಯಾಗಲಿಲ್ಲ. ಆ ಶನಿವಾರ ಸೀರೆ ಮೇಲೆ ನಾಗರಾಜನ ಜಾಕೆಟ್ಟು ತೊಟ್ಟು, ನನ್ನನ್ನು ಎಳೆದುಕೊಂಡು ಲಿಂಡಾಳ ಎದುರು ಹೋಗಿ ಕೂತರು.

"ಕೇಳವ್ವ ಇವಳ್ನ. ಸೊಪ್ಪು ಮಾರೋಳೂ ಒಂದೆಸಳು ಕೊತ್ತಂಬ್ರಿ ಮಡಿಲಿಗೆ ಹಾಕ್ತಾಳೆ. ನೀನು ಮನೆ ಮಾರ್ಬುಟ್ಟು ಬರಿಗೈಲಿ ಕಳುಸ್ತೀಯ?"

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಆದರೂ ಅನುವಾದಿಸಿದೆ. ಲಿಂಡಾ ರಿಬೇಟು ಸಾಧ್ಯವಿಲ್ಲ ಎಂದು ಪಾಪ ಮತ್ತೆ ವಿವರಿಸಿದಳು. ಅತ್ತೆ ಕೈಯಾಡಿಸಿದರು. ದುಡ್ಡು ಬೇಡ, ದುಡ್ಡಿಗೆ ಯಾರು ಕೊಸರು ಅನ್ನುತ್ತಾರೆ? ಕೊಡುವ ಮನಸ್ಸಿಗೆ ಏನಾದರೂ ಒಂದು ಕೊಡಲಿ. ಇದನ್ನೂ ಹೇಳಿದೆ. ಹಾಗಾದರೆ ಏನು ಬೇಕೋ ತೋರಿಸಿ ಅಂದಳು ಲಿಂಡಾ. ಅತ್ತೆ ಮಾಡೆಲ್ ಮನೆಯ ಕಡೆಗೆ ಹೊರಟರು. ರಟ್ಟಿನ ಟಿವಿ, ಮೇಣದ ಹಣ್ಣು ಯಾವುದನ್ನೂ ಕಣ್ಣೆತ್ತಿ ನೋಡದೆ, ಮುಂಬಾಗಿಲ ಪಕ್ಕದ ಕುಂಡದಲ್ಲಿದ್ದ ನಿಂಬೆಗಿಡದ ಎದುರು ನಿಂತರು. ಒಂದೆಲೆಯನ್ನು ಚಿವುಟಿ ಮೂಸಿದರು. ಆ ಇಡೀ ಮನೆಯಲ್ಲಿ ಜೀವವಿದ್ದದ್ದು ಅದೊಂದಕ್ಕೇ.

ಲಿಂಡಾ ಕುಂಡವನ್ನು ತಾನೇ ಎತ್ತಿಕೊಂಡು ಬಂದು ನಮ್ಮ ಕಾರಿನಲ್ಲಿಟ್ಟಳು. ಅತ್ತೆ ಅವಳ ಗಲ್ಲ ಮುಟ್ಟಿ ನೆಟಿಗೆ ಮುರಿದರು. ಅದರ ಅರ್ಥವೇನೆಂದು ಅವಳು ನನ್ನನ್ನು ಕೇಳಿದಳು. ದೃಷ್ಟಿ ತೆಗೆಯುವುದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಅವರಿಗೆ ನೀನು ಇಷ್ಟವಾದೆ ಎಂದೆ.

ಮೇ ತಿಂಗಳ ಒಂದು ಬೆಳಿಗ್ಗೆ ಬೀಗದ ಕೈ ಬಂತು. ಹಸುರು ಬೆಟ್ಟ ಅಷ್ಟರಲ್ಲಿ ಒಣಗಿ ಹೊಂಬಣ್ಣವಾಗಿತ್ತು. ಮಳೆಗಾಲ ಚಳಿಯಲ್ಲಿ, ಬರ ಬೇಸಿಗೆಯಲ್ಲಿ, ಎಲ್ಲ ತಿರುಗುಮುರುಗು ಈ ದೇಶ ಎಂದು ಅತ್ತೆ ಬೈದುಕೊಂಡರು. ಮುಹೂರ್ತ ಮಾವ ಊರಲ್ಲಿ ಕೇಳಿ ಫೋನಿನಲ್ಲಿ ತಿಳಿಸಿದ್ದರು. ಅದು ಅಲ್ಲಿನ ಗಂಟೆಯೋ ಇಲ್ಲಿನ ಗಂಟೆಯೋ ಎಂಬ ಜಗಳ ತೀರದೆ, ಎರಡಕ್ಕೂ ಬಾಧಕವಿಲ್ಲದಂತೆ ಬೇಗ ಹೊರಟೆವು. ಮೈಕ್ ಬಾಗಿಲಲ್ಲಿ ನಿಂತಿದ್ದ. ಚೌಕಟ್ಟಿನ ಮೇಲೆ ಹೊಡೆದ ಬಿಳಿ ಪಟ್ಟಿಯನ್ನು ತಟ್ಟಿ, ಒಳಗಿನ ಹಳದಿ ಕೆಂಪನ್ನು ಯಾರೂ ಅಳಿಸಿಲ್ಲ, ಕೆಳಗಿನ ಪೊಟ್ಟಣವೂ ಅಲ್ಲೇ ಇದೆ ಎಂದ. ಅತ್ತೆ ಏನೂ ಇಲ್ಲದ ಬಾಗಿಲಲ್ಲಿ ಸೀರೆಯ ನೆರಿಗೆ ಹಿಡಿದು, ಬಲಗಾಲನ್ನು ಎತ್ತರಕ್ಕೆ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿದರು. ಅವರ ಹಿಂದೆ ನಾವೆಲ್ಲ ಹಾಗೆಯೇ ದಾಟಿದೆವು. ನಮ್ಮನ್ನು ನೋಡಿ ಮೈಕ್ ಕೂಡ ಕಾಲೆತ್ತಿ ಒಳಗೆ ಬಂದ.

ಹಾಲು ಉಕ್ಕಿತು. ಹೊಸ ಒಲೆಯ ಮೇಲೆಲ್ಲ ಹರಿದು, ಕೆಳಗಿನ ಓವನ್ನಿನ ಗಾಜಿನ ಮೇಲೆ ಇಳಿಯಿತು. ನಾಗರಾಜ ಬಟ್ಟೆ ಹಿಡಿದು ಓಡಿ ಬಂದ. "ಒರುಸ್ಬ್ಯಾಡ ಕಣ್ಲಾ, ನೋಡ್ತೀನಿ ಇರು" ಎಂದು ಅತ್ತೆ ತಡೆದರು. ಸೌಟು ಹಿಡಿದು ನಿಂತೇ ನೋಡಿದರು. ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನಗೂ ಅಷ್ಟೆ. ನಿಂಬೆಗಿಡವನ್ನು ಹಿತ್ತಲಲ್ಲಿ ಅವರೇ ನೆಟ್ಟು, ಮರುವಾರ ಊರಿಗೆ ಹೋದರು. ಪದ್ಮಳಿಗೆ ಹೆಣ್ಣುಮಗುವಾಯಿತು.

ನಾವು ಊರಿಗೆ ಹೋಗಲು ಎರಡು ವರ್ಷವಾಯಿತು. ಅಷ್ಟರಲ್ಲಿ ಡಾಟ್‌ಕಾಮಿನ ಗಾಳಿ ಇಳಿದಿತ್ತು, ನಮ್ಮ ಬೀದಿಯ ಒಂದೆರಡು ಮನೆ ಖಾಲಿಯಾಗಿದ್ದವು. ನಾಗರಾಜನ ಕೆಲಸ ಹೇಗೋ ಉಳಿದಿತ್ತು. ನಿಂಬೆಗಿಡ ಕಾಯಿ ಬಿಟ್ಟಿತ್ತು. ನಾನು ಉಪ್ಪಿನಕಾಯಿ ಹಾಕಿ ಒಂದು ಬಾಟಲಿ ಅತ್ತೆಗೆ, ಒಂದು ಬಾಟಲಿ ಲಿಂಡಾಳಿಗೆ ತೆಗೆದಿಟ್ಟಿದ್ದೆ. ಮಂಡ್ಯದ ಬಾಡಿಗೆ ಮನೆಯ ಮುಂದೆ ಆಟೋ ಇಳಿದು, ಬಾಟಲಿ ಎತ್ತಿಕೊಂಡು, ಸಂಭ್ರಮದಲ್ಲಿ ಒಳಗೆ ನುಗ್ಗಿದೆ. ಹೊಸ್ತಿಲಿಗೆ ಕಾಲ ಹೆಬ್ಬೆರಳು ಬಡಿದು, ಬಾಟಲಿ ಸಮೇತ ಅತ್ತೆಯ ಮೈಮೇಲೆ ಬಿದ್ದೆ. ಬಾಟಲಿ ಒಡೆಯಲಿಲ್ಲ, ಉಗುರು ಕಿತ್ತು ಬಂತು.

ಅತ್ತೆ ಬೆರಳಿಗೆ ಅರಿಸಿನ ಒತ್ತುತ್ತಾ ಬಿದ್ದು ಬಿದ್ದು ನಕ್ಕರು. "ಹುಟ್ದಾಗ್ನಿಂದ ದಾಟ್ದವ್ಳು ಎಡವ್ತಾಳೆ ನೋಡು! ಕಾಲು ಅಮೆರಿಕದ್ದಾಗೋಯ್ತು ಕಣವ್ವ ನಿಂದು!"

ನಾನೂ ನಕ್ಕೆ. ಆದರೆ ಒಳಗೆಲ್ಲೋ ಚುಳ್ಳೆಂದಿತು; ಅದು ಬೆರಳಿನ ನೋವೇ ಎಂದುಕೊಂಡೆ. ತಿಂಗಳು ಕಳೆದು, ಕುಂಟು ಹೋಗಿ, ಎವರ್‌ಗ್ರೀನಿಗೆ ಮರಳಿದೆವು. ಪೆಟ್ಟಿಗೆಗಳನ್ನು ಎಳೆದುಕೊಂಡು ಬಾಗಿಲು ತೆಗೆದು ಒಳಗೆ ಬರುವಾಗ ಹಿಂದಿನಿಂದ ಮೇಘನಾ ಕಿಸಕ್ಕನೆ ನಕ್ಕಳು.

"ಅಮ್ಮಾ, ವಾಟ್ ಆರ್ ಯು ಡೂಯಿಂಗ್? ದೇರ್ಸ್ ನಥಿಂಗ್ ದೇರ್!"

ಕೆಳಗೆ ನೋಡಿಕೊಂಡೆ. ನೆಲಕ್ಕಂಟಿದ ತಗಡಿನ ಪಟ್ಟಿಯ ಮೇಲೆ ನನ್ನ ಬಲಗಾಲು ಮೊಣಕಾಲಿನೆತ್ತರಕ್ಕೆ ಎದ್ದು ನಿಂತಿತ್ತು.